ಮಂಚಿಯಿಂದ ಹೊರಟ ಹುಡುಗನಿಗೆ ಅನ್ನ ಹಾಕಿದವರು

ಬಂಟ್ವಾಳ ತಾಲೂಕಿನ ಮಂಚಿ, ಕುಕ್ಕಾಜೆ ಕಡೆಗೆ ನಾವೆಲ್ಲ ಮದುವೆ, ಮಯ್ಯತ್, ಮನೆ ಒಕ್ಕಲು ಅಂತ ಹೋಗಿ ಬರುವವರೇ. ಅದೇ ಮಂಚಿಯ ಬಾಬುಕೋಡಿ ಎಂಬಲ್ಲಿ 1929ರ ಸೆಪ್ಟೆಂಬರ್ 19ರಂದು ಹುಟ್ಟಿದ ವೆಂಕಟರಮಣ ಎಂಬ ಹುಡುಗ ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತುಂಟು? ಬಾಬುಕೋಡಿಯ ‘ಬಿ’, ವೆಂಕಟರಮಣದ ‘ವಿ’. ಬಿ.ವಿ. ಕಾರಂತ. ಕೋಟದ ಶಿವರಾಮ ಕಾರಂತರು ಬೇರೆ, ಇವರು ಬೇರೆ. ಇಬ್ಬರೂ ಕರಾವಳಿಯವರಾದ ಕಾರಣ ಹೆಸರು ಬೆರೆಸಿ ಮಾತಾಡುವವರು ಈಗಲೂ ಇದ್ದಾರೆ.

ಅವರು ದೊಡ್ಡವರಾದ ಮೇಲಿನ ಕತೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. 1976ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1981ರಲ್ಲಿ ಪದ್ಮಶ್ರೀ, ಮೈಸೂರಿನ ರಂಗಾಯಣ, ಭೋಪಾಲದ ರಂಗಮಂಡಲ. ನಾನು ಬರೆಯಲು ಹೊರಟದ್ದು ಅದಕ್ಕಿಂತ ಮೊದಲಿನ ಮೂವತ್ತು, ಮೂವತ್ತೈದು ವರ್ಷದ ಬಗ್ಗೆ. ಹೆಸರಿಲ್ಲದೆ, ನೆಲೆ ಇಲ್ಲದೆ ಕಲಿಯುತ್ತಲೇ ಇದ್ದ ವರ್ಷಗಳ ಬಗ್ಗೆ. ಪ್ರತಿಭೆ ದೇವರು ಕೊಟ್ಟದ್ದು ಅಂತ ಒಂದು ಮಾತಿನಲ್ಲಿ ಮುಗಿಸಿ ಬಿಡುತ್ತೇವೆ. ಸರಿ, ಆದರೆ ಆ ಪ್ರತಿಭೆ ಹಣ್ಣಾಗುವ ತನಕ ಅದಕ್ಕೆ ಅನ್ನ ಹಾಕಿದವರು ಯಾರು?

ಮೊದಲು ಶಾಲೆ. ಮೂರನೇ ಕ್ಲಾಸಿನಲ್ಲಿ ಇರುವಾಗ ಹುಡುಗ ವೆಂಕಟರಮಣ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದ. ನಾಟಕ ಕುವೆಂಪು ಅವರದ್ದು, ಮಾಡಿಸಿದವರು ಪಿ.ಕೆ. ನಾರಾಯಣ. ಆ ನಾಟಕದ ಕತೆ ಸಣ್ಣದು. ಒಬ್ಬ ಬಡ ವಿಧವೆಯ ಮಗ ಕಾಡಿನ ದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಬೇಕು. ಅವನಿಗೆ ಹೆದರಿಕೆ. ತಾಯಿ ಹೇಳುತ್ತಾಳೆ, ಕಾಡಿನಲ್ಲಿ ನಿನ್ನ ಅಣ್ಣ ಒಬ್ಬ ಇದ್ದಾನೆ, ಕರೆದರೆ ಬರುತ್ತಾನೆ ಅಂತ. ಹುಡುಗ ನಂಬಿ ಕರೆಯುತ್ತಾನೆ. ಬೆಳಿಗ್ಗೆ ಮಬ್ಬು ಕತ್ತಲಲ್ಲಿ ತೋಟದ ಬದಿಯಲ್ಲಿ, ಗುಡ್ಡ ಇಳಿದು ಮದ್ರಸಕ್ಕೆ ಬರುವ ನಮ್ಮ ಮಕ್ಕಳಿಗೆ ಆ ಹೆದರಿಕೆ ವಿವರಿಸಿ ಹೇಳುವ ಅಗತ್ಯ ಇಲ್ಲ. ಎಂಬತ್ತು ತೊಂಬತ್ತು ವರ್ಷದ ಹಿಂದೆ ಮಂಚಿಯ ಮಕ್ಕಳಿಗೂ ಇದ್ದಿರಲಿಕ್ಕಿಲ್ಲ. ರಸ್ತೆ ಇಲ್ಲ, ಕರೆಂಟು ಇಲ್ಲ, ಮಳೆಗಾಲ ಬಂದರೆ ತೋಡು ದಾಟಲಿಕ್ಕೆ ಅಡಿಕೆ ಮರದ ಸಂಕ. ಅಂಥ ಊರಿನ ಶಾಲೆಯಲ್ಲಿ ಒಬ್ಬರು ಕೂತು ಮಕ್ಕಳಿಗೆ ಮಾತು ಕಲಿಸಿ ನಾಟಕ ಮಾಡಿಸಿದರು. ಆ ನಾಟಕ ನೋಡಿದವರು ಬಹುಶಃ ನೂರು ಜನ. ಆದರೆ ಅಲ್ಲಿ ಹತ್ತಿದ ಹುಚ್ಚು ಒಬ್ಬನನ್ನು ಜೀವನ ಪೂರ್ತಿ ಬಿಡಲಿಲ್ಲ.

ಊರಿನ ಶಬ್ದವೂ ಒಂದು ಪಾಠವೇ. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತುಳು. ಚಳಿಗಾಲ ಬಂತೆಂದರೆ ಗದ್ದೆಯಲ್ಲಿ ಯಕ್ಷಗಾನ, ರಾತ್ರಿ ಇಡೀ ಚೆಂಡೆಯ ಪೆಟ್ಟು. ಕೋಲದ ರಾತ್ರಿ ದೂರದಿಂದ ಕೇಳುವ ಪಾಡ್ದನ. ನಮ್ಮ ಕಡೆಯಿಂದ ಮೌಲೂದ್, ದಫ್. ಇದೆಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹುಟ್ಟಿದ ಯಾವ ಮಗುವಿನ ಕಿವಿಗೂ ಫೀಸು ಇಲ್ಲದೆ ಬೀಳುವಂಥದ್ದು. ನಾವು ಅದಕ್ಕೆ ಬೆಲೆ ಕಟ್ಟುವುದಿಲ್ಲ. ಕಾರಂತರು ಕಟ್ಟಿದರು, ಆದರೆ ಅದು ಬಹಳ ವರ್ಷದ ನಂತರ, ಬಹಳ ದೂರ ಹೋದ ಮೇಲೆ.

ಆಮೇಲೆ ಹುಡುಗ ಮನೆ ಬಿಟ್ಟು ಓಡಿ ಹೋದ.

ಈಗಿನವರಿಗೆ ಅದು ಎಷ್ಟು ದೂರದ ಓಟ ಅಂತ ಅಂದಾಜಾಗುವುದಿಲ್ಲ. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು, ಘಟ್ಟದ ಮೇಲೆ ಮೈಸೂರು ಮಹಾರಾಜರ ಆಳ್ವಿಕೆ. ಎರಡೂ ಒಂದಾದದ್ದು 1956ರ ನವೆಂಬರ್ 1ಕ್ಕೆ. ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಅದು ಕೇರಳದ ಕಡೆಯಿಂದ ಬಂದದ್ದು. ಹಾಸನಕ್ಕೆ ರೈಲು ಹಾದಿ ಆದದ್ದು 1979ರಲ್ಲಿ. ಅಂದರೆ ಮಂಚಿಯ ಹುಡುಗ ಸೇರಿದ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಇದ್ದದ್ದು ಘಟ್ಟದ ಆಚೆ, ಬೇರೆ ಆಡಳಿತದ ಸೀಮೆಯಲ್ಲಿ. ಫೋನಿಲ್ಲದ ಕಾಲ. ಮಗ ಹೋದ ಮನೆಯಲ್ಲಿ ತಾಯಿ ಹೇಗೆ ದಿನ ಕಳೆದಿರಬಹುದು ಅಂತ ಉಮ್ಮಂದಿರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲೂ ಹಿಂದೆ ಬೊಂಬಾಯಿಗೆ ಓಡಿ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದು, ವರ್ಷ ಎರಡಾದ ಮೇಲೆ ಕಾಗದ ಬರೆದ ಹುಡುಗರು ಮನೆಗೊಬ್ಬರಂತೆ ಇದ್ದರು. ಓಡಿ ಹೋಗುವುದನ್ನು ನಾನು ಹೊಗಳುವುದಿಲ್ಲ. ಹೀಗೆ ಓಡಿ ಹೋಗಿ ಗೆದ್ದವನ ಹೆಸರು ಪುಸ್ತಕದಲ್ಲಿ ಬರುತ್ತದೆ, ಓಡಿ ಹೋಗಿ ಕಾಣೆಯಾದವನ ಹೆಸರು ಅವನ ಮನೆಯವರ ಬಾಯಲ್ಲಿ ಮಾತ್ರ ಉಳಿಯುತ್ತದೆ.

ಗುಬ್ಬಿ ಕಂಪನಿ ಸಣ್ಣ ಸಂಗತಿ ಅಲ್ಲ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಸಂಘ ಅದು. ವೀರಣ್ಣನವರು ಸ್ವತಃ ಸಣ್ಣ ಹುಡುಗನಾಗಿ ಅದಕ್ಕೆ ಸೇರಿ ಮುಂದೆ ಅದರ ಯಜಮಾನರಾದವರು. ರಂಗಸ್ಥಳಕ್ಕೆ ನಿಜವಾದ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿಸಿದರು ಅಂತ ಈಗಲೂ ಜನ ಹೇಳುತ್ತಾರೆ. ರಾಜ್‌ಕುಮಾರ್ ಬೆಳೆದದ್ದು ಅಲ್ಲಿ, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಅದೇ ಅನ್ನ ತಿಂದವರು. ರಾಜ್‌ಕುಮಾರ್ ಹುಟ್ಟಿದ್ದೂ 1929ರಲ್ಲೇ. ಕಾರಂತರೂ ಅವರೂ ಓರಗೆಯವರು, ಒಂದೇ ಕಂಪನಿಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು.

ಕಂಪನಿ ನಾಟಕ ಎಂದರೆ ಶಾಲೆಯ ಹಾಗೆ ಪೀರಿಯಡ್ಡು, ಪರೀಕ್ಷೆ ಇರುವ ಕಲಿಕೆ ಅಲ್ಲ. ಒಂದು ಊರಿನಲ್ಲಿ ಟೆಂಟು ಹಾಕಿದರೆ ಜನ ಬರುವಷ್ಟು ದಿನ ಅಲ್ಲಿ, ಆಮೇಲೆ ಗಂಟುಮೂಟೆ ಕಟ್ಟಿ ಮುಂದಿನ ಊರು. ರಾತ್ರಿ ಊಟದ ಹೊತ್ತಿಗೆ ಶುರುವಾದ ನಾಟಕ ಮುಗಿಯುವಾಗ ನಡುರಾತ್ರಿ ದಾಟುತ್ತದೆ. ಕಲಿಯುವವನು ಮೊದಲು ಪರದೆ ಎಳೆಯುತ್ತಾನೆ, ಸಾಮಾನು ಹೊರುತ್ತಾನೆ, ಬದಿಯಲ್ಲಿ ನಿಂತು ದೊಡ್ಡವರ ಮಾತು ಕೇಳುತ್ತಾನೆ. ಕೇಳಿ ಕೇಳಿ ಇಡೀ ನಾಟಕ ಬಾಯಿಪಾಠ ಆಗುತ್ತದೆ. ಒಂದು ದಿನ ಯಾರಿಗೋ ಜ್ವರ ಬರುತ್ತದೆ, ಆ ಪಾತ್ರಕ್ಕೆ ಇವನು ಹೋಗುತ್ತಾನೆ. ಹಾಡೂ ಬರಬೇಕು, ಯಾಕೆಂದರೆ ಮೈಕಿಲ್ಲದೆ ಕೊನೆಯ ಸಾಲಿನವನಿಗೆ ಕೇಳಿಸುವ ಹಾಗೆ ಹಾಡಬೇಕು. ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮಾಸ್ತರರು ರಂಗದ ಎದುರು ಕೂತಿರುತ್ತಾರೆ, ಶ್ರುತಿ ತಪ್ಪಿದರೆ ಅವರ ಕಣ್ಣು ಸಾಕು. ಮದ್ರಸದಲ್ಲಿ ನಾವು ಪಾಠ ಒಪ್ಪಿಸಲಿಕ್ಕೆ ಹೇಳುವ ಹಾಗೆಯೇ ಅಂತ ಓದುವಾಗೆಲ್ಲ ನನಗೆ ಅನಿಸುತ್ತದೆ. ಕಿವಿಯಿಂದ ಎದೆಗೆ ಹೋಗುವ ಕಲಿಕೆ ಅದು, ಪುಸ್ತಕ ಆಮೇಲೆ.

ಇಷ್ಟಕ್ಕೇ ನಿಂತಿದ್ದರೆ ಕಾರಂತರು ಒಬ್ಬ ಒಳ್ಳೆಯ ಕಂಪನಿ ನಟ ಆಗುತ್ತಿದ್ದರು. ಅಲ್ಲಿ ನಡೆದ ಒಂದು ವಿಷಯವೇ ನನಗೆ ಬಹಳ ದೊಡ್ಡದಾಗಿ ಕಾಣುವುದು. ಗುಬ್ಬಿ ವೀರಣ್ಣನವರು ಈ ಹುಡುಗನನ್ನು ಓದಲಿಕ್ಕೆ ಕಾಶಿಗೆ ಕಳಿಸಿದರು. ಎಂ.ಎ. ಮಾಡಿಸಲಿಕ್ಕೆ! ಯೋಚಿಸಿ ನೋಡಿ. ನಾಟಕ ಕಂಪನಿಯ ಯಜಮಾನರಿಗೆ ಬೇಕಾದದ್ದು ದುಡಿಯುವ ಕೈ, ಹಾಡುವ ಗಂಟಲು. ಅದನ್ನು ತಾವೇ ಬಿಟ್ಟುಕೊಟ್ಟು, ಮನೆಯಿಂದ ಓಡಿ ಬಂದವನನ್ನು ಯೂನಿವರ್ಸಿಟಿಗೆ ಕಳಿಸಿದರು. ಓದು ಬಿಟ್ಟು ನಾಟಕಕ್ಕೆ ಬಂದವನನ್ನು ನಾಟಕದವರೇ ಓದಿಗೆ ದಾಟಿಸಿದ ಈ ಸಂಗತಿಯನ್ನು ನಾನು ಬೇಕಾದಷ್ಟು ಸಾರಿ ತಂದೆತಾಯಂದಿರಿಗೆ ಹೇಳಿದ್ದೇನೆ. ಕಲೆಗೆ ಹೋದರೆ ಓದು ಹೋಯಿತು ಅಂತ ನಾವು ತಿಳಿದುಕೊಂಡದ್ದು ಎಲ್ಲ ಕಡೆ ನಿಜ ಅಲ್ಲ.

ಕಲಿಯುವವನಿಗೆ ಊಟ ಹಾಕುವುದು ನಮಗೆ ಹೊಸದಲ್ಲ. ನಾನು ಪಿಯುಸಿ ಮುಗಿಸಿ ದರ್ಸ್‌ಗೆ ಸೇರಿದಾಗ ವಾಸ ಮಸೀದಿಯಲ್ಲಿ, ಊಟ ಮಹಲ್ಲಿನ ಮನೆಗಳಲ್ಲಿ. ಒಬ್ಬೊಬ್ಬ ಮುತಅಲ್ಲಿಮನಿಗೆ ಒಂದೊಂದು ಮನೆ. ಮಳೆಗೆ ಕೊಡೆ ಹಿಡಿದುಕೊಂಡು ಹೋದರೆ ಬಿಸಿ ಗಂಜಿ, ಒಣ ಮೀನಿನ ಚಟ್ನಿ. ಆ ಮನೆಯವರು ಶ್ರೀಮಂತರೇನಲ್ಲ, ಬೀಡಿ ಕಟ್ಟಿ ಬದುಕುವವರು. ನಾವು ಮುಂದೆ ಏನಾಗುತ್ತೇವೆ ಅಂತ ಅವರು ಕೇಳಿದವರಲ್ಲ. ದೀನೀ ವಿದ್ಯೆ ಕಲಿಯುವವನಿಗೆ ಊರು ಹೀಗೆ ಹೆಗಲು ಕೊಡುತ್ತದೆ. ಇಂಜಿನಿಯರಿಂಗ್, ಮೆಡಿಕಲ್ ಓದುವವನಿಗೆ ಈಗ ಜಮಾಅತ್‌ನಿಂದಲೂ, ಗಲ್ಫಿನ ಸಂಘಗಳಿಂದಲೂ ಸ್ಕಾಲರ್‌ಶಿಪ್ ಉಂಟು. ಹಾಡುವವನಿಗೆ, ಚಿತ್ರ ಬಿಡಿಸುವವನಿಗೆ, ನಾಟಕ ಕಲಿಯುವವನಿಗೆ? ಅಲ್ಲಿ ನಮ್ಮ ಕೈ ಸ್ವಲ್ಪ ಗಿಡ್ಡ.

ಕಾಶಿಗೆ ಬರೋಣ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಕಾರಂತರು ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಗುರು ಪಂಡಿತ್ ಓಂಕಾರನಾಥ ಠಾಕೂರ್, ಅಲ್ಲಿನ ಸಂಗೀತ ಕಾಲೇಜನ್ನು ಕಟ್ಟಿದವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯ. ಅದೇ ಕಾಲಕ್ಕೆ ಅದೇ ಊರಿನಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಇದ್ದರು. ಅವರ ಬಾಲ್ಯದ ಕತೆಯೂ ಸ್ವಲ್ಪ ಇದೇ ತರದ್ದು. ಹುಟ್ಟಿದ್ದು ಬಿಹಾರದ ಡುಮರಾಂವ್‌ನಲ್ಲಿ, ಶಹನಾಯಿ ಕಲಿಯಲು ಕಾಶಿಯ ಸೋದರಮಾವ ಅಲಿ ಬಕ್ಷ್ ಅವರ ಮನೆಗೆ ಬಂದ ಹುಡುಗ. ಗಂಗೆಯ ದಡದ ಬಾಲಾಜಿ ಮಂದಿರದಲ್ಲಿ ಗಂಟೆಗಟ್ಟಲೆ ರಿಯಾಜ್ ಮಾಡಿ, ನಮಾಝಿಗೆ ಎದ್ದು ಹೋಗಿ ಬೆಳೆದವರು. ಅಲ್ಲಿ ಮಾವ, ಇಲ್ಲಿ ಕಂಪನಿ ಯಜಮಾನ. ಯಾರೋ ಒಬ್ಬರ ಮನೆಯ ಅನ್ನ ಇದ್ದೇ ಇದೆ.

ಮಂಚಿಯ ಹುಡುಗನಿಗೆ ಕಾಶಿ ಇನ್ನೊಂದನ್ನೂ ಕೊಟ್ಟಿತು, ಅದು ಹಿಂದಿ. ಹಿಂದಿ ಅಂದರೆ ನಮ್ಮ ಶಾಲೆ ಮಕ್ಕಳು ಮಾರ್ಕಿಗಾಗಿ ಕಲಿಯುವ ಹಿಂದಿ ಅಲ್ಲ, ಆ ಭಾಷೆಯಲ್ಲಿ ನಟರಿಗೆ ಮಾತು ಹೇಳಿಕೊಡುವಷ್ಟು ಹಿಂದಿ. ಮುಂದೆ ಗಿರೀಶ ಕಾರ್ನಾಡರ ‘ತುಘಲಕ್’ ಕನ್ನಡದಿಂದ ಉತ್ತರದ ರಂಗಭೂಮಿಗೆ ಹೋದದ್ದು ಬಿ.ವಿ. ಕಾರಂತರ ಅನುವಾದದಿಂದ. ದಿಲ್ಲಿ ಸುಲ್ತಾನನ ಕತೆಯನ್ನು ದಿಲ್ಲಿಯವರಿಗೆ ಅವರ ಮಾತಿನಲ್ಲಿ ಕೇಳಿಸಿದವರು ಬಂಟ್ವಾಳ ತಾಲೂಕಿನವರು! ಭಾಷೆ ಕಲಿತವನಿಗೆ ಊರು ಸಣ್ಣದಾಗುವುದಿಲ್ಲ ಅಂತ ನಾನು ಅರಬಿ ಕ್ಲಾಸಿನಲ್ಲಿ ಈ ಉದಾಹರಣೆಯನ್ನೇ ಕೊಡುವುದು.

ಇನ್ನು ಮೂರನೇ ಅನ್ನದಾತರ ವಿಷಯ. ಅವರ ಹೆಸರು ಪ್ರೇಮಾ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದ ಪ್ರೇಮಾ ಅವರನ್ನು ಕಾರಂತರು ಮದುವೆಯಾದರು. ಕಾರಂತರಿಗೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯಬೇಕೆಂದಾಯಿತು. 1959ರಲ್ಲಿ ಶುರುವಾದ ಹೊಸ ಸಂಸ್ಥೆ ಅದು. ಮೂವತ್ತು ದಾಟಿದ ಗಂಡಸು ಮತ್ತೆ ವಿದ್ಯಾರ್ಥಿಯಾದರೆ ಮನೆ ನಡೆಯುವುದು ಹೇಗೆ? ಪ್ರೇಮಾ ಅವರು ದಿಲ್ಲಿಯಲ್ಲಿ ಕೆಲಸ ಹಿಡಿದು ಸಂಸಾರವನ್ನೂ ಗಂಡನ ಓದನ್ನೂ ನೋಡಿಕೊಂಡರು. ಕಾರಂತರು ನಾಟಕ ಶಾಲೆಯಿಂದ ಹೊರಬಂದದ್ದು 1962ರಲ್ಲಿ. ಕಲಾವಿದರ ಕತೆ ಬರೆಯುವವರು ಇಲ್ಲಿ ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ವರ್ಷಗಳ ಬೆಳಗಿನ ಬಸ್ಸು, ರೇಷನ್ನು, ಬಾಡಿಗೆ ಇದರ ಲೆಕ್ಕ ಇಟ್ಟವರು ಹೆಂಡತಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಅರ್ಥ ಆಗುತ್ತದೆ. ಗಂಡ ದೂರದಲ್ಲಿ ಇರುವಾಗ ಮನೆ, ಮಕ್ಕಳ ಶಾಲೆ, ಬ್ಯಾಂಕಿನ ಕೆಲಸ ಎಲ್ಲ ಒಬ್ಬಳೇ ನೋಡುವವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಒಂದು ಮಾತು ಸೇರಿಸಲೇಬೇಕು. ಪ್ರೇಮಾ ಅವರು ಬರೀ ಅನ್ನ ಹಾಕಿ ಸುಮ್ಮನೆ ಕೂರಲಿಲ್ಲ. ಆಮೇಲೆ ತಾವೂ ಅದೇ ನಾಟಕ ಶಾಲೆಯಲ್ಲಿ ಕಲಿತರು, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಸಿನಿಮಾ ಮಾಡಿದರು.

ಆ ನಾಟಕ ಶಾಲೆಗೆ 1962ರಿಂದ 1977ರ ತನಕ ನಿರ್ದೇಶಕರಾಗಿದ್ದವರು ಇಬ್ರಾಹಿಂ ಅಲ್ಕಾಜಿ. ಪುಣೆಯಲ್ಲಿ ಹುಟ್ಟಿದವರು, ತಂದೆ ಸೌದಿಯಿಂದ ಬಂದ ವ್ಯಾಪಾರಿ, ತಾಯಿ ಕುವೈತಿನವರು, ಮನೆಯಲ್ಲಿ ಆಡುವ ಮಾತು ಅರಬಿ. ದೇಶದ ಹೊಸ ನಾಟಕಕ್ಕೆ ಶಿಸ್ತು ಕಲಿಸಿದವರು ಅಂತ ಅವರಿಗೆ ಹೆಸರು. ಬೆಳಕು ಎಲ್ಲಿಂದ ಬೀಳಬೇಕು, ಬಟ್ಟೆಯ ಬಣ್ಣ ಯಾವುದು, ನಟ ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲದಕ್ಕೂ ಲೆಕ್ಕ. 1977ರಲ್ಲಿ ಅವರು ಬಿಟ್ಟ ಕುರ್ಚಿಗೆ ಬಂದು ಕೂತವರೇ ಬಿ.ವಿ. ಕಾರಂತ.

ಆದರೆ ಕುರ್ಚಿ ಬರುವ ಮೊದಲಿನ ಒಂದು ಲೆಕ್ಕ ನೋಡಿ. ಮನೆ ಬಿಟ್ಟ ಮೇಲೆ ಕಂಪನಿ, ಕಾಶಿ, ದಿಲ್ಲಿ ಎಲ್ಲ ಆಗಿ ಓದು ಮುಗಿಯುವಾಗ ವಯಸ್ಸು ಮೂವತ್ಮೂರು. 1969ರಿಂದ 1972ರ ತನಕ ಅವರು ಮಾಡಿದ ಕೆಲಸ ದಿಲ್ಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಮೇಷ್ಟ್ರು. ಅಂದರೆ ನಲವತ್ತನೇ ವಯಸ್ಸಿಗೆ ಶಾಲೆ ಮಕ್ಕಳಿಗೆ ಪಾಠ ಹೇಳುತ್ತಾ ಇದ್ದರು. ಈಗ ನನ್ನ ವಯಸ್ಸೂ ಆ ಆಸುಪಾಸು, ಕೆಲಸವೂ ಅದೇ. ನಲವತ್ತಕ್ಕೆ ಮನೆ ಕಟ್ಟದವನನ್ನು ನಮ್ಮ ಊರಿನಲ್ಲಿ ಮದುವೆ ಮನೆಯ ಚಪ್ಪರದಡಿ ಏನಂತ ಮಾತಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು ಮಾರಾಯ್ರೆ. ಹೆಸರು ಬಂದದ್ದು ಅಲ್ಲಿಂದ ಮುಂದೆ. 1971ರಲ್ಲಿ ಕಾರ್ನಾಡರ ಜೊತೆ ‘ವಂಶವೃಕ್ಷ’ ಸಿನಿಮಾ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ನಾಟಕಗಳು. ಕನ್ನಡದ ಹವ್ಯಾಸಿ ನಾಟಕದ ದಾರಿಯೇ ಆಗ ಬದಲಾಯಿತು ಅಂತ ತಿಳಿದವರು ಹೇಳುತ್ತಾರೆ. 1975ರಲ್ಲಿ ‘ಚೋಮನ ದುಡಿ’. ಶಿವರಾಮ ಕಾರಂತರ ಕತೆ, ನಮ್ಮ ಜಿಲ್ಲೆಯ ಮಣ್ಣು, ಆ ವರ್ಷದ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ. ಅದಾಗಿ ಮೂವತ್ತಾರು ವರ್ಷದ ಮೇಲೆ, 2011ರ ಸಾಲಿನಲ್ಲಿ, ನಮ್ಮ ಭಾಷೆಯ ಮೊದಲ ಸಿನಿಮಾ ‘ಬ್ಯಾರಿ’ ಅದೇ ಪ್ರಶಸ್ತಿಯನ್ನು ಒಂದು ಮರಾಠಿ ಚಿತ್ರದ ಜೊತೆ ಹಂಚಿಕೊಂಡಿತು.

ದೂರ ಹೋಗಿ ಕಲಿತದ್ದೆಲ್ಲ ಕೊನೆಗೆ ಎಲ್ಲಿಗೆ ಬಂತು ಅಂತ ಕೇಳಿದರೆ, ಚೆಂಡೆಗೇ ಬಂತು. 1979ರಲ್ಲಿ ದಿಲ್ಲಿಯಲ್ಲಿ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಹಿಂದಿಯಲ್ಲಿ ‘ಬರ್ನಮ್ ವನ’ ಅಂತ ಮಾಡಿಸಿದರು, ಯಕ್ಷಗಾನದ ನಡೆಯಲ್ಲಿ. ಸಂಗೀತದಲ್ಲಂತೂ ಅವರದ್ದು ಬೇರೆಯೇ ಹಾದಿ. ಕಲ್ಲು, ಕೋಲು, ಕೈಗೆ ಸಿಕ್ಕಿದ ಸಾಮಾನು ಅವರಿಗೆ ವಾದ್ಯ. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ತೋಡಿನ ನೀರು, ಅಡಿಕೆ ಸೋಗೆಯ ಮೇಲೆ ಬೀಳುವ ಮಳೆ, ದೂರದ ಗದ್ದೆಯ ಭಾಗವತಿಕೆ ಕೇಳಿ ಬೆಳೆದ ಕಿವಿಗೆ ಅಂಗಡಿಯಿಂದ ತಂದ ವಾದ್ಯ ಮಾತ್ರ ಸಾಕಾಗಲಿಲ್ಲ ಅಂತ ನನಗೆ ಅನಿಸುತ್ತದೆ. ತಮ್ಮ ಜೀವನವನ್ನು ಅವರು ಲೇಖಕಿ ವೈದೇಹಿಯವರಿಗೆ ಹೇಳಿ ಬರೆಸಿದ್ದಾರೆ, ಪುಸ್ತಕದ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಗಲ್ಫಿನಲ್ಲಿ ಇರುವ ನಮ್ಮವರು ಆ ಹೆಸರು ಕೇಳಿದರೆ ಸಾಕು, ತಮ್ಮದೇ ಕತೆ ಅಂತ ಹೇಳಿಯಾರು.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದರೆ, ನಾನು ಕಲಿಸುವ ಬೆಳ್ತಂಗಡಿ ತಾಲೂಕಿನ ಮದ್ರಸದಲ್ಲಿ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ. ಹತ್ತನೇ ಕ್ಲಾಸು. ಮೀಲಾದ್‌ಗೆ ಕಥಾ ಪ್ರಸಂಗ ಹೇಳಲು ನಿಂತನೆಂದರೆ ಹಿಂದೆ ಚಹಾ ಕುಡಿಯುತ್ತಾ ನಿಂತ ಹಿರಿಯರು ಲೋಟ ಕೆಳಗಿಟ್ಟು ಬರುತ್ತಾರೆ. ಶಾಲೆಯಲ್ಲಿ ಪ್ರತಿಭಾ ಕಾರಂಜಿಯಲ್ಲಿ ಅವನಿಗೆ ಬಹುಮಾನ ಬಂತು. ಮೂಡುಬಿದಿರೆಯಲ್ಲಿ ಆಳ್ವಾಸ್‌ನ ಮಕ್ಕಳ ಕಾರ್ಯಕ್ರಮ ನೋಡಿ ಬಂದ ಮೇಲೆ ಅವನಿಗೆ ನಿದ್ದೆ ಇಲ್ಲ. ನಾಟಕ ಕಲಿಯಬೇಕಂತೆ. ಬಾಪ ದಮಾಮ್‌ನಲ್ಲಿ, ವಾಯ್ಸ್ ಮೆಸೇಜ್ ಕಳಿಸಿದರು. “ಉಸ್ತಾದ್, ನೀವು ಅವನಿಗೆ ಸ್ವಲ್ಪ ಬುದ್ಧಿ ಹೇಳಿ. ನಾಟಕ ಗೀಟಕ ಬೇಡ. ನಾನು ಇಲ್ಲಿ ಬಿಸಿಲಲ್ಲಿ ಸಾಯುವುದು ಅವನು ಬಣ್ಣ ಹಚ್ಚಲಿಕ್ಕಾ?”

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಹೆದರಿಕೆ ಅನ್ನದ ಹೆದರಿಕೆ, ಅದು ಸುಳ್ಳಲ್ಲ. ನಾನು ಅವರಿಗೆ ತಿರುಗಿ ಹೇಳಿದೆ, ಹುಡುಗ ಓಡಿ ಹೋಗುವುದಕ್ಕಿಂತ ಕೇಳಿ ಹೋಗುವುದು ಒಳ್ಳೆಯದಲ್ವಾ ಅಂತ. ಧರ್ಮದ ಪ್ರಶ್ನೆಯನ್ನೂ ಕೇಳಿದರು. ಪಾತ್ರ ಯಾವುದು, ಮಾತು ಎಂಥದ್ದು, ನಮಾಝಿನ ಹೊತ್ತು ತಪ್ಪುತ್ತದಾ, ಜೊತೆಗಾರರು ಯಾರು ಅಂತ ನೋಡಿ ಹೇಳಬೇಕಾದ ವಿಷಯ ಅದು. ನಾಟಕ ಎಂಬ ಹೆಸರು ಕೇಳಿದ ಕೂಡಲೇ ಬೇಡ ಎನ್ನುವುದು ಉಸ್ತಾದನಿಗೂ ಸುಲಭ, ತಂದೆಗೂ ಸುಲಭ. ಕಥಾ ಪ್ರಸಂಗಕ್ಕೆ ನಾವೇ ಕೈ ತಟ್ಟಿ, ನೋಟು ಪಿನ್ನು ಮಾಡಿ ಕಳಿಸುವುದಿಲ್ಲವಾ?

ಈಗ ಕಲಿಯಲು ದಾರಿ ಕಾರಂತರ ಕಾಲದಷ್ಟು ಕಷ್ಟ ಇಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಂ ಉಂಟು, ಅದರ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಮೈಸೂರಿನಲ್ಲಿ ರಂಗಾಯಣ ಉಂಟು, 1989ರಲ್ಲಿ ಅದನ್ನು ಶುರು ಮಾಡಿಸಿದ್ದು ಇದೇ ಕಾರಂತರು. ರಂಗಾಯಣದ ವಿಶೇಷ ಏನೆಂದರೆ, ನಟರನ್ನು ಆರಿಸಿ, ತಿಂಗಳ ಸಂಬಳ ಕೊಟ್ಟು, ನಾಟಕವೇ ನಿಮ್ಮ ಉದ್ಯೋಗ ಅಂತ ಕೂರಿಸಿದ್ದು. ಭೋಪಾಲದಲ್ಲೂ ಅವರು ಅಂಥದ್ದೇ ಒಂದು ತಂಡ ಕಟ್ಟಿದ್ದರು. ಕಂಪನಿಯ ಅಡುಗೆ ಮನೆಯಲ್ಲಿ ಉಂಡು, ಹೆಂಡತಿಯ ಸಂಬಳದಲ್ಲಿ ಓದಿ ಬಂದವರು ಕೊನೆಗೆ ಮಾಡಿದ್ದು ಬೇರೆ ಕಲಾವಿದರ ಅನ್ನದ ವ್ಯವಸ್ಥೆ. ನಾನು ಅವರನ್ನು ಮೆಚ್ಚುವುದು ‘ಬರ್ನಮ್ ವನ’ಕ್ಕಿಂತ ಇದಕ್ಕೆ ಜಾಸ್ತಿ.

ಮಕ್ಕಳಿಗಾ‌ಗಿಯೂ ಅವರು ನಾಟಕ ಮಾಡಿದರು. ‘ಪಂಜರ ಶಾಲೆ’ ಅಂತ ಒಂದು, ಟಾಗೋರರ ಗಿಳಿಯ ಕತೆಯಿಂದ ತೆಗೆದದ್ದು. ರಾಜ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಮಾಡಿಸುತ್ತಾನೆ, ಪಂಡಿತರು ಪುಸ್ತಕದ ಹಾಳೆ ಹರಿದು ಹರಿದು ಅದರ ಬಾಯಿಗೆ ತುರುಕುತ್ತಾರೆ, ಗಿಳಿ ಹಾಡುವುದನ್ನು ನಿಲ್ಲಿಸಿ ಕೊನೆಗೆ ಸಾಯುತ್ತದೆ. ಬೆತ್ತ ಹಿಡಿದು ಪಾಠ ಮಾಡುವ ನಮ್ಮಂಥವರಿಗೆ ಸ್ವಲ್ಪ ಚುಚ್ಚುವ ನಾಟಕ ಅದು. ಹಾಗಂತ ಪಾಠವೇ ಬೇಡ ಅಂತ ಅದರ ಅರ್ಥ ಅಲ್ಲ. ಎಂ.ಎ. ಮಾಡಿದವರು ಮಾಡಿಸಿದ ನಾಟಕ ಅದು, ನೆನಪಿರಲಿ.

ಹುಡುಗನ ವಿಷಯದಲ್ಲಿ ಸದ್ಯಕ್ಕೆ ಆದ ತೀರ್ಮಾನ ಇಷ್ಟು. ಎಸ್ಸೆಸ್ಸೆಲ್ಸಿ ಮುಗಿಯಬೇಕು, ಪಿಯುಸಿಯೂ ಮುಗಿಯಬೇಕು. ಅಲ್ಲಿಯ ತನಕ ಅಸರ್ ಆದ ಮೇಲೆ ಶಾಲೆಯ ನಾಟಕ ಅಭ್ಯಾಸಕ್ಕೆ ಹೋಗಬಹುದು, ಮಗ್ರಿಬಿಗೆ ಮನೆ ಸೇರಬೇಕು. ಪಿಯುಸಿ ಆದ ಮೇಲೂ ಹುಚ್ಚು ಇಳಿಯದಿದ್ದರೆ ಒಂದು ವರ್ಷ ಕಲಿಯಲು ಕಳಿಸುವುದು, ಖರ್ಚಿಗೆ ನಾವು ನಾಲ್ಕು ಜನ ಸೇರಿ ಏನಾದರೂ ಮಾಡುವುದು. ಬಾಪ ಹೂಂ ಅಂದಿಲ್ಲ, ಬೇಡ ಅಂತಲೂ ಹೇಳಿಲ್ಲ. ಉಮ್ಮ ಮಾತ್ರ ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು, “ಉಸ್ತಾದ್, ಆ ಹೆಗ್ಗೋಡಿನಲ್ಲಿ ಮಕ್ಕಳಿಗೆ ಊಟಕ್ಕೆ ಎಂತ ಕೊಡುತ್ತಾರೆ? ಇವನಿಗೆ ಮೀನು ಇಲ್ಲದೆ ಅನ್ನ ಇಳಿಯುವುದಿಲ್ಲ.” ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.